ಬಿರುಕು ಬಿಡದ ಸಂಖ್ಯೆ
ನಮ್ಮ ಮರ್ಗಿಲಾನ್ ಪಟ್ಟಣದ ಚಹಾದಂಗಡಿಯಲ್ಲಿ ತುಲಗನ್ ಮೇಷ್ಟ್ರ ಕೈಗೆ ಸಿಕ್ಕಿದ ಸಂಖ್ಯೆ ಇಡಿಯಾಗಿ ಉಳಿದದ್ದು ಕಡಿಮೆ. ಕಾರಿನ ನಂಬರಾಗಲಿ, ನಿಮ್ಮ ಅತ್ತೆಯ ಫೋನ್ ನಂಬರಾಗಲಿ, ಒಂದು ಬಟ್ಟಲು ಹಸಿರು ಚಹಾ ಮುಗಿಯುವುದರೊಳಗೆ ರೊಟ್ಟಿ ಮುರಿದ ಹಾಗೆ ಮುರಿದು, "ಏಳರಿಂದ ಹೋಯ್ತು, ಹದಿಮೂರರಿಂದ್ಲೂ ಹೋಯ್ತು ನೋಡ್ರೋ" ಎಂದು ಮುಂದಿಡುತ್ತಾರೆ. ಯಾವುದರಿಂದಲೂ ಭಾಗವಾಗದ ಸಂಖ್ಯೆ ಎದುರಾದರೆ ಮಾತ್ರ, ಹಿರಿಯರೊಬ್ಬರು ಒಳಗೆ ಬಂದರೇನೋ ಎಂಬಂತೆ ಎದ್ದು ನಿಂತು ಎದೆಯ ಮೇಲೆ ಕೈಯಿಡುತ್ತಾರೆ. ಕಬಾಬಿನ ಗನಿ ಒಮ್ಮೆ ಕೆಣಕಿದ: "ಮೇಷ್ಟ್ರೇ, ಬರೀ ಒಂದು, ಒಂದು, ಒಂದು ಅಂತ ಬರ್ಕೊಂಡು ಹೋದ್ರೆ? ಅದ್ರಲ್ಲೇನಿದೆ ಮಣ್ಣು!" ಮೇಷ್ಟ್ರು ಕೆರಳಿದರು. "ಮೂರು ಸಲ ಬರಿ, ಮೂರರಿಂದ ಹೋಗತ್ತೆ. ಹನ್ನೊಂದು ಸಲ ಬರಿ, ಅದೂ ಒಡೆಯತ್ತೆ. ಹದಿನೆಂಟು ಸಲ ಬರಿ, ಪುಡಿಪುಡಿ! ಇನ್ನೊಂದೇ ಒಂದು ಸೇರಿಸಿ ಹತ್ತೊಂಬತ್ತು ಮಾಡು. ಲೋಕದ ಯಾವ ಸಂಖ್ಯೆ ತಂದು ಬಡಿದ್ರೂ ಬಿರುಕು ಬಿಡಲ್ಲ ಕಣೋ!" ಹೇಳುವಾಗ ಅವರ ದನಿ ನಡುಗಿತು, ನಮಗೂ ಮೈ ಜುಮ್ಮೆಂದಿತು, ಗನಿಯ ಕಬಾಬು ಸೀದುಹೋಯಿತು. ಹೋದ ಈದ್‌ಗೆ ಅವರ ಮನೆಗೆ ಹೋದಾಗ ಗೋಡೆಯಲ್ಲಿ ತೂಗುತ್ತಿದ್ದ ಒಣರೊಟ್ಟಿ ಕಂಡೆ. ನಮ್ಮಲ್ಲಿ ದೂರ ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಅವರೇ ಮರಳಿ ಬಂದು ತಿನ್ನಬೇಕು, ಬೇರೆಯವರು ಮುರಿಯುವಂತಿಲ್ಲ. ಇದು ಮೇಷ್ಟ್ರ ತಮ್ಮ ಯುದ್ಧಕ್ಕೆ ಹೊರಟ ಬೆಳಿಗ್ಗೆ ಕಚ್ಚಿದ್ದು. "ಆಗ ಅವರಿಗೆ ಎಷ್ಟು ವಯಸ್ಸು?" ಎಂದೆ. ಮೇಷ್ಟ್ರು ಮೆಲ್ಲಗೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಹತ್ತೊಂಬತ್ತು."