ಮಜ್ಜಿಗೆ ಕುಡಿದು ಹೋದ ಸರ್ಕಾರ

ಬೈರಸಂದ್ರದ ಮುನಿವೆಂಕಟಮ್ಮ ಸರ್ಕಾರವನ್ನು ಮೊದಲು ಕಂಡದ್ದು ಟೆಂಟ್ ಸಿನಿಮಾದಲ್ಲಿ. ಗಂಡ ಬೈರಣ್ಣ ತೀರಿಕೊಂಡ ಮೇಲೆ ಅವಳಿಗೆ ಸಂಜೆಗಳು ಕಳೆಯುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ, ಒಬ್ಬಳಿಗಾಗಿ ಮುದ್ದೆ ತಿರುವುವುದೂ ಬೇಜಾರು. ವಾರಕ್ಕೊಮ್ಮೆ ಟೆಂಟಿನ ಮರಳಿನ ಮೇಲೆ ಕೂತು ರಾಜರ ಪಿಕ್ಚರ್ ನೋಡುತ್ತಿದ್ದಳು. ಯಾವ ಪಿಕ್ಚರಾದರೇನು, ರಾಜ ಮಾರುವೇಷದಲ್ಲಿ ಬಡವಳ ಗುಡಿಸಲಿಗೆ ಬಂದು ಕಷ್ಟ ಕೇಳುತ್ತಿದ್ದ, ಕೊನೆಗೆ ಎಲ್ಲ ಸರಿಹೋಗುತ್ತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳು ಒಬ್ಬಳೇ ಮನೆಗೆ ನಡೆಯುತ್ತಿದ್ದಳು.

ಐವತ್ತರ ದಶಕದ ಕೊನೆಗೆ ಜಯನಗರ ಬೆಳೆಯುತ್ತಾ ಅವಳ ಹೊಲದ ಬದುವಿಗೆ ಬಂತು. ಹೊಲ ಹೋದರೆ ಹೋಗಲಿ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಅದರ ಮೂಲೆಯಲ್ಲೇ ಬೈರಣ್ಣನನ್ನು ಮಣ್ಣು ಮಾಡಿದ್ದು. ಅಷ್ಟು ಜಾಗ ಉಳಿದರೆ ಅವಳಿಗೆ ಸಾಕಿತ್ತು. ಬಡಾವಣೆಗೆ ಹೊಲ ಬಿಡಬೇಕೆಂದು ಸರ್ಕಾರದಿಂದ ಬಂದ ನೋಟಿಸನ್ನು ಶಾನುಭೋಗ ಸೇತುರಾಮಯ್ಯ ಓದಿ, ತಕರಾರು ಅರ್ಜಿ ತಾವೇ ಬರೆದುಕೊಡುವುದಾಗಿಯೂ, ಸೋಮವಾರ ಬಡಾವಣೆ ಆಫೀಸಿಗೆ ಹೋಗಿ ಅದಕ್ಕೆ ಹೆಬ್ಬೆಟ್ಟು ಒತ್ತಬೇಕೆಂದೂ ಹೇಳಿದರು.

ಅದಕ್ಕೆ ಹಿಂದಿನ ಗುರುವಾರ ಖಾದಿ ಜುಬ್ಬದ ಅಪರಿಚಿತರೊಬ್ಬರು ಮಟಮಟ ಮಧ್ಯಾಹ್ನ ಹೊಲದ ಸುತ್ತ ನಡೆದು, ಅವಳ ಬಾಗಿಲಿಗೆ ಬಂದು ನೀರು ಕೇಳಿದರು. ಕಾಲಲ್ಲಿ ಒಳ್ಳೆಯ ಬೂಟು, ಮಾತು ಕಡಿಮೆ. ಮುನಿವೆಂಕಟಮ್ಮನಿಗೆ ತಕ್ಷಣ ಗೊತ್ತಾಯಿತು. ಅಂಥ ದೊಡ್ಡ ಮನುಷ್ಯರು ಬಿಸಿಲಲ್ಲಿ ಒಬ್ಬರೇ ತಿರುಗುವುದೆಂದರೆ, ಪಿಕ್ಚರಿನ ರಾಜನಂತೆ ಸರ್ಕಾರವೇ ಬಂದದ್ದಲ್ಲದೆ ಮತ್ತೇನು? ಮಜ್ಜಿಗೆ ಕೊಟ್ಟು ಎಲ್ಲವನ್ನೂ ತೋಡಿಕೊಂಡಳು. ಗಂಡ ಸತ್ತ ಮೇಲೆ ಅವಳ ಮಾತನ್ನು ಅಷ್ಟು ಹೊತ್ತು ಕೇಳಿದವರು ಬೇರೆ ಯಾರೂ ಇರಲಿಲ್ಲ.

“ಆಯ್ತಮ್ಮ, ನೋಡೋಣ,” ಎಂದು ಅವರು ಹೊರಟರು.

ಸೋಮವಾರ ಅವಳು ಹೋಗಲಿಲ್ಲ. ದೊಡ್ಡವರು ಮಾತು ಕೊಟ್ಟ ಮೇಲೂ ಗುಮಾಸ್ತರ ಮುಂದೆ ಹೆಬ್ಬೆಟ್ಟು ಒತ್ತಿದರೆ ಅವರನ್ನು ನಂಬದಂತಾಗುವುದಿಲ್ಲವೇ? ಸೇತುರಾಮಯ್ಯ ಬಂದು ಬೈದರು. ಹುಚ್ಚು ಹೆಂಗಸು, ಗುಟ್ಟು ಬಿಡದೆ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಕೆಲವು ತಿಂಗಳಲ್ಲಿ ಹೊಲದ ತುಂಬ ಸೈಟಿನ ಕಲ್ಲುಗಳು ಎದ್ದವು. ಪಾಯಕ್ಕೆಂದು ಎಳೆದ ಸುಣ್ಣದ ಗೆರೆ ಬೈರಣ್ಣನ ಮೇಲೆಯೇ ಹಾದುಹೋಗಿತ್ತು. ಅವಳು ಆಫೀಸಿಗೆ ಓಡಿದಳು. ಗುಮಾಸ್ತ ಗೌರೀಶಂಕರ ಕೆಟ್ಟವನೇನಲ್ಲ, ಸ್ಟೂಲು ಹಾಕಿ ಕೂರಿಸಿದ. ಅವಳು ಹೇಳಿದಂಥವರು ಈ ಆಫೀಸಿನಲ್ಲಿ ಯಾರೂ ಇಲ್ಲ, ಸೈಟಿನ ಆಸೆಯವರು ಮುಂಚೆಯೇ ಹೀಗೆ ಜಾಗ ನೋಡಿಕೊಂಡು ಹೋಗುತ್ತಾರೆ ಎಂದ. ಆಮೇಲೆ ಫೈಲು ತಿರುವಿ ನೋಡಿದ.

“ಆ ಸೋಮವಾರ ನಾಲ್ಕು ಜನ ಬಂದು ಸಮಾಧಿ ಇದೆ ಅಂತ ಬರೆಸಿದ್ರಮ್ಮ. ಸಾಹೇಬ್ರು ಆ ನಾಲ್ಕು ಜಾಗಾನೂ ಸೈಟಿಗೆ ಸೇರಿಸದೆ ಬಿಡಿಸಿದಾರೆ. ನೀವೂ ಬಂದಿದ್ರೆ ಆಗ್ತಿತ್ತು.”

ಅವಳು ಎದ್ದು ಬಂದಳು. ಹೊಲದ ಮೂಲೆಯಲ್ಲಿ, ಗಂಡನ ಪಕ್ಕ ಕೂತಳು. ಗಾರೆ ಕೆಲಸದವರು ದೂರದಲ್ಲಿ ಊಟಕ್ಕೆ ಕೂತಿದ್ದರು. ಬೈಯೋಣವೆಂದರೆ ಅವಳಿಗೆ ಯಾರೂ ಸಿಕ್ಕಲಿಲ್ಲ.

“ಆಪೀಸ್ನಾಗೆ ಸಾಯೇಬ್ರು ಕೇಳಕ್ಕೇಂತ ಕೂತಿದ್ರಂತೆ ಕಣ್ರೀ,” ಎಂದಳು ಮಣ್ಣಿಗೆ. “ನಾನೇ ಓಗ್ಲಿಲ್ಲ.”