ಕಾಳಪ್ಪ ಕಾಕಾ ಅಳಿಸದ ಗುರುತು

ಯಾವ ಬಂದೂಕಿನ ಹಿಡಿ ಬಂದರೂ ಕಾಳಪ್ಪ ಕಾಕಾ ಮೊದಲು ಅದರ ಬುಡಕ್ಕೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ಸವರಿ ನೋಡುತ್ತಿದ್ದ.

ತಾಂಬಾದಲ್ಲಿ ನನ್ನ ಬಣ್ಣದ ಅಂಗಡಿಯ ಪಕ್ಕದಲ್ಲೇ ಬಾಗಿಲು, ಕಿಟಕಿ ಮಾಡಿಕೊಂಡಿದ್ದವನು ಐವತ್ತು ದಾಟಿದ ಮೇಲೆ ಬೋರ್ಡು ಬರೆಸಿದ: ಬಂದೂಕಿನ ಹಿಡಿಗೆ ಪಾಲಿಶ್ ಮಾಡಿಕೊಡಲಾಗುವುದು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಗೆ ಜಮಾ. ಮರಳಿ ಬರುವಾಗ ಹಿಡಿಗಳು ತರಚಿ, ಬೂಸಲು ಹಿಡಿದಿರುತ್ತಿದ್ದವು. ಸಿಂದಗಿ, ಮುದ್ದೇಬಿಹಾಳದಿಂದಲೂ ಗಿರಾಕಿ ಬರತೊಡಗಿದರು. "ನಳಿಗಿ ನಿಮ್ಮ ಮನ್ಯಾಗ ಇರ್ಲಿರಿ, ನನಗ ಕಟ್ಟಿಗಿ ಅಷ್ಟ ಕೊಡ್ರಿ" ಎನ್ನುತ್ತಿದ್ದ.

ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಕಟ್ಟಿಗೆ ಉಬ್ಬಿ ಸಮವಾಗುತ್ತಿತ್ತು. ಆಮೇಲೆ ಅಗಸೆ ಎಣ್ಣೆ. ಈ ಉಪಾಯ ಕಲಿಸಿದ್ದು ನನಗೊಬ್ಬನಿಗೇ. "ಕಟ್ಟಿಗಿ ಪೆಟ್ಟು ಮರಿತೈತೋ ರಫೀಕ. ಮನಿಷಾ ಮರಿಯಂಗಿಲ್ಲ."

ಅವನು ಮರೆಯದ್ದು ಏನೆಂದು ನನಗೆ ಗೊತ್ತಿತ್ತು. ಬಂಡಿಯ ಗಾಲಿ ಎರಡು ದಿನ ತಡವಾಯಿತೆಂದು ಅವರ ಹಳೆಯ ಊರಿನ ಗೌಡ, ಕಾಕಾನ ಅಪ್ಪನ ಬಾಯಿಗೆ ಬಂದೂಕಿನ ಬುಡದಿಂದ ಹೊಡೆದಿದ್ದ. ಆ ಊರು ಬಿಟ್ಟೇ ಅವರು ತಾಂಬಾಕ್ಕೆ ಬಂದದ್ದು. ಮುಂದಿನ ಹಲ್ಲಿಲ್ಲದ ಆ ಮುದುಕ ಸಾಯುವವರೆಗೂ ಕಟಕ್ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿಂದ. ಕಾಕಾ ಈ ಉಪಕಸುಬು ತೆಗೆದದ್ದೇ ಆ ಬಂದೂಕಿಗಾಗಿ, ಎಂದಾದರೊಂದು ದಿನ ಅದು ತನ್ನ ಕೈಗೆ ಬರಲೆಂದು.

ಬೋರ್ಡು ಬರೆಸಿದ ಆರನೇ ವರ್ಷ ಅದು ಬಂತು. ಮಹಾನವಮಿಯ ಖಂಡೆ ಪೂಜೆಗೆ, ಆಯುಧಗಳ ಪೂಜೆಗೆ, ಎಂಟು ದಿನ ಇರುವಾಗ ಮುದಿ ಗೌಡ ತಾನೇ ಹಿಡಿಯನ್ನು ಧೋತರದ ತುಂಡಿನಲ್ಲಿ ಸುತ್ತಿ ತಂದ. "ಹಬ್ಬಕ್ಕ ಕನ್ನಡಿ ಆಗಬೇಕಪಾ" ಎಂದ. ಎದುರಿಗೆ ಕುಳಿತವನು ಯಾರ ಮಗನೆಂಬ ನೆನಪೂ ಇಲ್ಲ! ನನಗೆ ಮೈ ಉರಿಯಿತು. ಕಾಕಾನ ಹೆಬ್ಬೆರಳಿಗೆ ಎರಡು ಸಣ್ಣ ತಗ್ಗು ಸಿಕ್ಕವು.

"ಒಲಿಗೆ ಹಾಕು ಕಾಕಾ" ಎಂದೆ, ಗೌಡ ಹೋದ ಮೇಲೆ.

"ಸುಟ್ಟರ ಬೂದಿ ಆಗತೈತಿ. ಬೂದಿ ಯಾರು ನೋಡ್ತಾರ?"

ಹಬ್ಬದ ಮುಂಜಾನೆ ಹಿಡಿ ಕೊಡಲು ಆ ಹಳೆಯ ಊರಿಗೆ ನಾನೂ ಜೊತೆಗೆ ಹೋದೆ. ಗೌಡನ ವಾಡೆಯ ಮುಂದೆ ಊರೇ ಸೇರಿತ್ತು. ಹಿಡಿ ನಿಜಕ್ಕೂ ಕನ್ನಡಿಯಾಗಿತ್ತು; ಬುಡದ ಎರಡು ತಗ್ಗು ಮಾತ್ರ ಹಾಗೇ ಇದ್ದವು.

"ಇದನ್ಯಾಕ ಬಿಟ್ಟಿ?" ಗೌಡ ಎಲ್ಲರೆದುರು ಸಿಡುಕಿದ.

"ಬಡಿಗೇರ ಶಿವಪ್ಪನ ಮಗ ನಾ. ಅವು ನಮ್ಮಪ್ಪನ ಹಲ್ಲಿನ ಗುರುತ್ರೀ ಗೌಡ್ರ. ನಿಮ್ಮ ಕೈಕೆಲಸ, ನಾ ಹೆಂಗ ಅಳಸ್ಲಿ?"

ಹಳಬರು ತಲೆ ತಗ್ಗಿಸಿದರು. ಗೌಡ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದ. ನನಗಂತೂ ಹೊಟ್ಟೆ ತಣ್ಣಗಾಯಿತು.

ಮರುದಿನವೇ ಕಾಕಾ ಬೋರ್ಡು ಇಳಿಸಿದ. ಹೋದ ವರ್ಷ ತೀರಿಕೊಂಡ.

ಮೊನ್ನೆ ಗೌಡನ ಆಳು ಅದೇ ಧೋತರದ ಗಂಟು ಹಿಡಿದು ನನ್ನ ಅಂಗಡಿಗೆ ಬಂದ. "ಇಂಡಿ ಪ್ಯಾಟಿಯೊಳಗ ಯಾರಿಗೂ ಆಗವಲ್ದಂತ್ರಿ. ಈ ತಗ್ಗು ತಗಿಯೋದು ನಿಮಗ ಗೊತ್ತೇನ್ರಿ?"

ಅಂಗಡಿಯ ಹಿಂದೆಯೇ ಮನೆ. ಒಳಗೆ ನನ್ನ ಹೆಂಡತಿ ಇಸ್ತ್ರಿ ಕಾಯಿಸುತ್ತಿದ್ದಳು.

"ಇಲ್ಲಪಾ, ಅದು ಕಾಳಪ್ಪ ಕಾಕಾನ ಜೋಡಿನ ಹೋತು" ಎಂದೆ.