ಕಡ್ಡಿಯಲ್ಲಿ ಏರಿದ ಆಯಿಲ್

ಹೋದ ತಿಂಗಳು ನಾಶಿಕದ ಒಂದು ಸಿಗ್ನಲ್ಲಿನಲ್ಲಿ ನಿಂತಿದ್ದೆ. ಮುಂದಿದ್ದ ಹಳೆಯ ಪಿಕಪ್ಪಿನ ಹೊಗೆಯಲ್ಲಿ ಭಜಿ ಕರಿದ ವಾಸನೆ ಬಂತು. ಕರಿದು ಉಳಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಸುಟ್ಟರೆ ಹಾಗೇ ಬರುತ್ತದೆ. ಮಿಸ್ತ್ರಿ ಕಾಕಾ ನೆನಪಾದರು...

ಚಿಕಲಠಾಣಾದಲ್ಲಿ ಅವರ ಗ್ಯಾರೇಜು. ಭಾಲ್ಕಿ ಕಡೆಯವರು; ಆ ಮರಾಠಿ ಊರಿನಲ್ಲಿ ನಮ್ಮ ಕನ್ನಡ ಕಿವಿಗೆ ಬೀಳುತ್ತದೆಂದೇ ನಾವು ಅಣ್ಣತಮ್ಮಂದಿರು ಅಲ್ಲಿಗೆ ಹೋಗುತ್ತಿದ್ದೆವು. ಅವರ ಸ್ವಂತ ಮುದಿ ಪಿಕಪ್ಪು ಬಯೋಡೀಸೆಲ್ ಮೇಲೆಯೇ ಓಡುತ್ತಿತ್ತು. ಮೊದಲ ಸಲ ಹಾಕಿದಾಗ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆಯೆಲ್ಲ ಕಿತ್ತುಬಂದು ಫಿಲ್ಟರು ಎರಡು ಸಲ ಕಟ್ಟಿತಂತೆ. ಗಾಡಿಗೆ ಜುಲಾಬು ಕೊಟ್ಟೆ ಎಂದು ಹೇಳಿಕೊಂಡು ನಗುತ್ತಿದ್ದರು.

ಮುಂದೆ ನಾನೂ ಅಣ್ಣನೂ ಕೂಡಿ ಹೊಸ ಪಿಕಪ್ಪು ಕೊಂಡೆವು. ಸಿಲ್ಲೋಡಿನ ಮೆಕ್ಕೆಜೋಳವನ್ನು ನಾಶಿಕಕ್ಕೆ ಸಾಗಿಸುವುದು ನಮ್ಮ ಕೆಲಸ. ವ್ಯಾಪಾರ ಅಣ್ಣನದು, ಗಾಡಿ ನನ್ನ ಕೈಯಲ್ಲಿ. ಅಗ್ಗವಾಗುತ್ತದೆ, ಬಯೋಡೀಸೆಲ್ ಹಾಕಲೇ ಎಂದು ಕೇಳಿದ್ದಕ್ಕೆ ಕಾಕಾ ತಲೆ ಅಲ್ಲಾಡಿಸಿದರು. ಹೊಸ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ; ಆ ಮಸಿ ಸುಡಲು ಎಂಜಿನ್ನು ಆಗಾಗ ಹೆಚ್ಚು ಇಂಧನ ಚಿಮ್ಮಿಸುತ್ತದೆ; ಡೀಸೆಲ್ಲಾದರೆ ಆವಿಯಾಗಿ ಹೋಗುತ್ತದೆ, ಬಯೋಡೀಸೆಲ್ ಹಾಗೆ ಹೋಗದೆ ಕೆಳಗಿಳಿದು ಎಂಜಿನ್ ಆಯಿಲ್ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ ಎಂದು ಬಿಡಿಸಿ ಹೇಳಿದರು.

“ಕಂಪನಿ ಬುಕ್ಕಿನ್ಯಾಗ ಎಷ್ಟು ಬರದಾರ, ಅಷ್ಟೇ ಬೆರಸ್ರಿ. ನಿಮ್ಮ ಗಾಡಿ ಹೊಟ್ಟಿ ನಾಜೂಕ್ ಅದ.”

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದುಕೊಂಡೆ. ಯಾರಿಗೂ ಹೇಳದೆ ಬರೀ ಬಯೋಡೀಸೆಲ್ಲನ್ನೇ ತುಂಬಿಸುತ್ತ ಬಂದೆ.

ಕೆಲವು ವಾರಗಳಾದ ಮೇಲೆ ಆಯಿಲ್ ನೋಡುವ ಕಡ್ಡಿ ಎಳೆದರೆ, ಆಯಿಲ್ ಇಳಿಯುವ ಬದಲು ಗುರುತು ದಾಟಿ ಮೇಲೇರಿತ್ತು. ನಮ್ಮ ಮನೆಯಲ್ಲಿ ಎಣ್ಣೆಯ ಡಬ್ಬಿ ಬೇಗ ತಳ ಕಾಣದಿದ್ದರೆ ಅವ್ವ ಬರಕತ್ ಅದ, ದೇವರು ಹೆಚ್ಚಿಸ್ಯಾನ ಎಂದು ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು. ನಾನೂ ಹಾಗೇ ತಿಳಿದೆ. ಬಾನೆಟ್ಟಿನ ಒಳಬದಿಗೆ ವಿಭೂತಿ ಎಳೆದು ಕೈಮುಗಿದೆ. ಥೂ, ನನ್ನ ಬುದ್ಧಿಗಿಷ್ಟು!

ಒಂದು ಮಧ್ಯಾಹ್ನ ನಾಶಿಕದ ದಾರಿಯಲ್ಲಿ ಯೇವಲಾ ದಾಟಿದ ಮೇಲೆ ಎಂಜಿನ್ನು ಜಾಮಾಗಿ ನಿಂತಿತು. ಗಾಡಿಯನ್ನು ಎಳೆಸಿಕೊಂಡು ಕಾಕಾರ ಗ್ಯಾರೇಜಿಗೆ ತಂದೆವು. ಕೊನೆಯ ಸಲ ಆಯಿಲ್ ಬದಲಿಸಿದವರು ಅವರೇ ಆದ್ದರಿಂದ, ಎಂಥದು ಸುರಿದಿರಿ ಎಂದು ಅಣ್ಣ ನಾಲ್ಕು ಗಿರಾಕಿಗಳ ಎದುರು ಕೂಗಾಡಿದ. ಕಾಕಾ ಕಡ್ಡಿ ಎಳೆದು, ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಬಾನೆಟ್ಟಿನ ವಿಭೂತಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ನಂದೇ ತಪ್ಪ ಆಗ್ಯಾದ್ರಿ. ಆಯಿಲ್ ಸರಿ ಇದ್ದಿಲ್ಲ,” ಅಂದರು.

ಅಣ್ಣ ಗಾಡಿಯನ್ನು ಬೇರೆ ಕಡೆ ಎಳೆಸಿದ. ಮರುದಿನ ನಾನೊಬ್ಬನೇ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕಾಕಾರನ್ನು ಕೇಳಿದೆ.

“ಎಂಜಿನ್ ಬಿಚ್ಚಿ ಮತ್ತ ಕಟ್ಟಬಹುದು ರೀ. ಅಣ್ಣ-ತಮ್ಮರದು ಬಿಚ್ಚಿದರ ಕಟ್ಟಲಾಕ ನನಗ ಬರಲ್ಲ. ಯಾವಾಗರ ನೀವೇ ಅವರಿಗಿ ಹೇಳ್ರಿ.”

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅಷ್ಟರಲ್ಲಿ ಮಾತು ಹಬ್ಬಿತು. ಹೊಸ ಗಾಡಿಯವರು ಅವರ ಕಡೆ ಬರುವುದನ್ನು ಬಿಟ್ಟರು. ಎರಡು ವರ್ಷಕ್ಕೆ ಗ್ಯಾರೇಜು ಮುಚ್ಚಿ, ನಾಶಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿದ್ದ ಮಗಳ ಮನೆ ಸೇರಿದರೆಂದು ಕೇಳಿದೆ. ನಾಚಿಕೆಯಾಯಿತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಕಳೆದವು...

ಆ ದಿನ ಸಿಗ್ನಲ್ಲಿನಿಂದ ಗಾಡಿಯನ್ನು ಅತ್ತಲೇ ತಿರುಗಿಸಿದೆ. ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆ. ಮಗಳು ಬಾಗಿಲು ತೆರೆದಳು. ಅಪ್ಪ ತೀರಿಕೊಂಡು ಆರು ತಿಂಗಳಾಯಿತೆಂದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದಳು. ನೀವು ಯಾರು ಎಂದು ಕೇಳಿದಳು. ಹಳೆಯ ಗಿರಾಕಿ ಎಂದೆ.

ಈಗಲೂ ದಿನಾ ಬೆಳಿಗ್ಗೆ ಕಡ್ಡಿ ಎಳೆದು ಮೂಸಿಯೇ ಗಾಡಿ ತೆಗೆಯುತ್ತೇನೆ. ಆಯಿಲ್ ಗುರುತಿಗೆ ಸರಿಯಾಗಿರುತ್ತದೆ. ಕಾಕಾ ಹೋದರು, ತಪ್ಪು ಇನ್ನೂ ಅವರ ಹೆಸರಿನಲ್ಲೇ ಇದೆ. ಅಣ್ಣನಿಗೆ ನಾನು ಇನ್ನೂ ಹೇಳಿಲ್ಲ.